ಐದಕ್ಕೆ ಮೂರು ಕೂಡಿದರೆ ಒಂಬತ್ತು

ತುರುವೇಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಕೊನೆಯ ವಾರ. ಒಂಬತ್ತನೇ ತರಗತಿಗೆ ಕಂಪೈಲರ್ ಎಂದರೇನೆಂದು ತಿಳಿಸಬೇಕಿತ್ತು. ವ್ಯಾಖ್ಯಾನ ಬರೆಸುವ ಬದಲು ಪುಟ್ಟದೊಂದು ಕಂಪೈಲರನ್ನೇ ಬೇಸಿಕ್‌ನಲ್ಲಿ ಬರೆದುಕೊಂಡು ಹೋದೆ. ಅದು 1981ರ ಮನೆ ಕಂಪ್ಯೂಟರ್ ಬಿಬಿಸಿ ಮೈಕ್ರೊಗೆ. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ. ಅದರ ಮೆಮೊರಿ ಬರೀ 32 ಕೆಬಿ, ಹಾಗಾಗಿ ಒಳಗೆ ನಡೆಯುವುದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಬಹುದು. ನನ್ನ ಬಳಿ ಇದ್ದದ್ದು ಲ್ಯಾಪ್‌ಟಾಪಿನಲ್ಲಿ ಅದರಂತೆಯೇ ನಡೆಯುವ ಎಮ್ಯುಲೇಟರ್.

ನನ್ನ ಭಾಷೆಯಲ್ಲಿ ಎರಡೇ ಕ್ರಿಯಾಪದ: ಕೂಡು, ಇಡು. (ಕೀಲಿಸಿದ್ದು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ.) "5 3 ಕೂಡು ಇಡು" ಎಂದರೆ ಒಂದು ಕಾರ್ಯಕ್ರಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಲ್ಲಿ ಅನುಕೂಲವೇ ಆಯಿತು. ಅಂಕಿ ಬಂದರೆ ಪೇರಿಸು. ಕೂಡು ಬಂದರೆ ಮೇಲಿನ ಎರಡನ್ನು ಇಳಿಸಿ ಮೊತ್ತ ಪೇರಿಸು. ಇಡು ಬಂದರೆ ಅದನ್ನು ಖಾನೆಗೆ ಹಾಕು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲ ಪೇರಿಸುವುದನ್ನು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಕಂಪೈಲರ್ 5 ಕಂಡರೆ ಎ9 05 48 ಎಂಬ ಮೂರು ಬೈಟ್ ಬರೆಯುತ್ತದೆ, ಅಷ್ಟೆ.

"ಮಿಸ್, ನಮ್ಮ ತೋಟದ್ದು ಹಾಕಿ. 200 ಕಾಯಿ, 100 ಕಾಯಿ." ಹಾಕಿದೆ. ಅದರ ಮುಂದೆಯೇ ಹಳೆಯ 5 3 ಕೂಡ ಇತ್ತು. ಮೊದಲ ಖಾನೆಯಲ್ಲಿ 44 ಬಂತು. ಇದಕ್ಕೆ ನಾನು ಸಿದ್ಧಳಿದ್ದೆ: ಒಂದು ಬೈಟಿನಲ್ಲಿ 255ರವರೆಗೆ ಮಾತ್ರ, 300ರಲ್ಲಿ 256 ಕಳೆದರೆ 44. ಹೆಮ್ಮೆಯಿಂದಲೇ ವಿವರಿಸಿದೆ. ಎರಡನೆಯ ಖಾನೆಯಲ್ಲಿ 9.

"ಇನ್ನೊಂದು ಕಾಯಿ ಎಲ್ಲಿಂದ ಬಂತು ಮಿಸ್?"

ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಬರೆಯುತ್ತಿದ್ದರು. "ಲ್ಯಾಪ್‌ಟಾಪಿನ ತೊಂದರೆ" ಎಂದುಬಿಟ್ಟೆ. ಅದು ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು.

ರಾತ್ರಿ ತಪ್ಪು ಸಿಕ್ಕಿತು. ಮರುದಿನ ಮೊದಲು ನಿನ್ನೆಯ ಸುಳ್ಳನ್ನು ಒಪ್ಪಿಕೊಂಡೆ. ಆದರೆ ಉತ್ತರ ಹೇಳಲಿಲ್ಲ. ಕೂಡು ಪದದ ಬೈಟುಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳನ್ನೇ ಯಂತ್ರವಾಗಿಸಿ 200, 100ರಿಂದ ನಡೆಸಿದೆ. ತೋಟದ ಲೆಕ್ಕ ಕೊಟ್ಟಿದ್ದ ಹುಡುಗನೇ ಎದ್ದು ನಿಂತ: "ಆ ಲೆಕ್ಕದಲ್ಲಿ ಕೈಯಲ್ಲಿದ್ದ ಒಂದನ್ನ ಈ ಲೆಕ್ಕಕ್ಕೆ ಸೇರಿಸ್ಬಿಟ್ಟಿದೆ ಮಿಸ್!"

ಅದೇ ಸರಿ. ಈ ಯಂತ್ರದ 6502 ಪ್ರೊಸೆಸರಿನಲ್ಲಿ ಕೂಡುವ ಆಜ್ಞೆ, ಕೈಯಲ್ಲಿರುವ ಒಂದನ್ನೂ ಸೇರಿಸಿಯೇ ಕೂಡುತ್ತದೆ. ಅದನ್ನು ಮೊದಲು ಅಳಿಸುವ 18 ಎಂಬ ಬೈಟನ್ನು ನಾನು ಬರೆದೇ ಇರಲಿಲ್ಲ. ಸೇರಿಸಿದೆ, 8 ಬಂತು.

ಹುಡುಗ ಇನ್ನೂ ಕೂತಿರಲಿಲ್ಲ. "ಅಳಿಸೋದ್ಯಾಕೆ? ಆ ಒಂದನ್ನ ಪಕ್ಕದ ಖಾನೆಗೆ ಹಾಕಿದ್ರೆ ನಮ್ಮ 300 ಸಿಗಲ್ವಾ?"

ಗಂಟೆ ಹೊಡೆಯಿತು. ಹಲಗೆಯ ಮೇಲೆ 256 + 44 ಎಂದು ಬರೆದು ಹಾಗೇ ಬಿಟ್ಟು ಬಂದೆ.