ಒಡೆದು ಬಿಸಾಡೋ ಕಲ್ಲಿನ ಲೆಕ್ಕ (ಭಾಗ 4)

ಹೋದ ಭಾಗದ ಕೆಳಗೆ ತುಂಬಾ ಜನ ಕೇಳಿದ್ರಿ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಮೈನಿಂಗ್ ಬೇಗ ಏರಿಸೋದು ಹೇಗೆ? ತಗೊಳ್ಳಿ, ಸೇವ್ ಮಾಡ್ಕೊಳ್ಳಿ.

ಲೆವೆಲ್ 15ರಿಂದ ಕಬ್ಬಿಣದ ಅದಿರು, ಒಂದಕ್ಕೆ 35 ಎಕ್ಸ್‌ಪಿ. ಮೂರು ಬಂಡೆಗಳ ಮಧ್ಯೆ ನಿಲ್ಲೋ ಜಾಗ ಹುಡುಕಿ, ನಡೆಯೋ ಟೈಮ್ ಉಳಿಯುತ್ತೆ. 41ಕ್ಕೆ ರೂನ್ ಪಿಕಾಸಿ ಹಿಡೀರಿ. 45 ಆದಮೇಲೆ ಮೆಂಬರ್‌ಶಿಪ್ ಇದ್ರೆ ಸೀದಾ ಮರುಭೂಮಿಯ ಕ್ವಾರಿಗೆ ಹೋಗಿ ಗ್ರಾನೈಟ್ ಒಡೀರಿ. 500 ಗ್ರಾಂ ಕಲ್ಲಿಗೆ 50, 2 ಕೆಜಿಗೆ 60, 5 ಕೆಜಿಗೆ 75 ಎಕ್ಸ್‌ಪಿ. ನೀರಿನ ಚೀಲ ಮರೀಬೇಡಿ, ಬಿಸಿಲಿಗೆ ಹೆಲ್ತ್ ಇಳಿಯುತ್ತೆ. ಮುಖ್ಯವಾದ ಮಾತು: ಬ್ಯಾಂಕ್‌ಗೆ ಓಡಬೇಡಿ. ಬ್ಯಾಗ್‌ನಲ್ಲಿ ಇರೋದೇ 28 ಜಾಗ, ಒಡೆದ ಕಲ್ಲನ್ನ ಅಲ್ಲೇ ಬಿಸಾಕಿ.

ಈಗ ಬಿಕಾಂ ಲೆಕ್ಕ. ಲೆವೆಲ್ 99ಕ್ಕೆ ಒಟ್ಟು 1,30,34,431 ಎಕ್ಸ್‌ಪಿ ಬೇಕು. 92ಕ್ಕೆ ಬಂದಾಗ ಆಗಿರೋದು ಹೆಚ್ಚುಕಮ್ಮಿ ಅರ್ಧ ಮಾತ್ರ! ಕಲ್ಲಿಗೆ 60 ಅಂತ ಹಿಡಿದ್ರೆ 45ರಿಂದ 99ಕ್ಕೆ 2 ಲಕ್ಷಕ್ಕೂ ಹೆಚ್ಚು ಕಲ್ಲು.

ಇಳಕಲ್ ಅಂದ್ರೆ ನಿಮಗೆ ಸೀರೆ ನೆನಪಾಗಬಹುದು. ನಮ್ಮ ಮನೇಲಿ ಗ್ರಾನೈಟ್. ಅಪ್ಪ ಪಾಲಿಶ್ ಮಷೀನ್ ಮೇಲೆ ಕೆಲಸ ಮಾಡ್ತಾರೆ. ಹೋದ ವಾರ ರಾತ್ರಿ ಬಂದವರು ನನ್ನ ಫೋನ್ ನೋಡಿದ್ರು.

"ಏನ್ ನಡದೈತಿ?"

"ಗ್ರಾನೈಟ್ ಒಡಿಯಾಕತ್ತೀನಪ್ಪ."

"ಒಡದು ಏನ್ ಮಾಡ್ತಿ?"

"ಕೆಳಗ ಒಗೀತೀನಿ."

ಬೈತಾರೆ ಅಂದ್ಕೊಂಡೆ. ಯಾಕಂದ್ರೆ ಅದೇ ವಾರ ರಿಸಲ್ಟ್ ಬಂದಿತ್ತು, ಕಾಸ್ಟ್ ಅಕೌಂಟಿಂಗ್ ಹೋಗಿತ್ತು. ಅಪ್ಪ ಪಕ್ಕದಲ್ಲೇ ಕೂತ್ರು.

"ನಾನೂ ಮೊದಲನೇ ವರ್ಷ ಹಂಗ ಮಾಡೀನಿ. ಒಡದ ತುಂಡಿನ ಮ್ಯಾಲೆ ಪಾಲಿಶ್ ಕಲಿಯಾಕ ಹಚ್ಚಿದ್ರು. ಸಂಜಿಗೆ ಅಷ್ಟೂ ಕಸಕ್ಕ. ಚಲೋ ಸ್ಲ್ಯಾಬ್ ಮುಟ್ಟಾಕ ಕೊಟ್ಟಿದ್ದು ಆಮ್ಯಾಲೆ."

ಆಮೇಲೆ ಕೇಳಿದ್ರು: "ಇಷ್ಟೆಲ್ಲಾ ಒಡದ ಮ್ಯಾಲೆ ನಿನಗೇನ್ ಕೊಡ್ತಾರ?"

"99 ಆದ್ರ ಒಂದು ಕೇಪ್ ಸಿಗತೈತಿ. ಅದಕ್ಕೂ 99,000 ಕಾಯಿನ್ ನಾವ ಕೊಡಬೇಕು."

ಜೋರಾಗಿ ನಕ್ಕು ಊಟಕ್ಕೆ ಎದ್ದರು.

ನನಗೆ ನಗು ಬರಲಿಲ್ಲ. ಕಾಸ್ಟಿಂಗ್‌ಗೆ ನಾನು ಓದಿದ್ದು ಹೇಗೆ ಗೊತ್ತಾ? ಬೇರೆಯವರು ಬಿಡಿಸಿದ ಲೆಕ್ಕದ ವಿಡಿಯೋ, ಅದೂ ಡಬಲ್ ಸ್ಪೀಡ್‌ನಲ್ಲಿ. ಟೈಮ್ ಉಳಿಸ್ತಿದೀನಿ ಅನ್ಕೊಂಡಿದ್ದೆ. ಪ್ರೋಸೆಸ್ ಅಕೌಂಟ್‌ನಲ್ಲಿ ನಾರ್ಮಲ್ ಲಾಸ್ ಎಲ್ಲಿ ಬರುತ್ತೆ ಅಂತ ನೋಡಿದಾಗ ಅರ್ಥ ಆಗ್ತಿತ್ತು, ಪರೀಕ್ಷೇಲಿ ಕೈ ಓಡಲಿಲ್ಲ. ಗೇಮಲ್ಲಿ ಸಾವಿರಾರು ಕಲ್ಲು ಒಡೆದು ಬಿಸಾಡಿದವನು, ರಫ್ ಬುಕ್‌ನಲ್ಲಿ ಒಂದು ಲೆಕ್ಕ ತಪ್ಪು ಮಾಡಿ ಹೊಡೆದು ಹಾಕೋಕೆ ಬೇಜಾರು ಪಟ್ಕೊಂಡಿದ್ದೆ.

ಗೇಮ್ ಬಿಟ್ಟಿಲ್ಲ, ಸುಳ್ಳು ಹೇಳಲ್ಲ. ನನ್ನ ಮೈನಿಂಗ್ ಈಗ 71. ಆದ್ರೆ ದಿನಾ ಮೂರು ಲೆಕ್ಕ ಬರೆದಮೇಲೇ ಲಾಗಿನ್. ಮೊದಲ ದಿನ ಮೂರೂ ತಪ್ಪು. ನಿನ್ನೆ ಎರಡು ಟ್ಯಾಲಿ ಆಯ್ತು.

ಬ್ಯಾಕ್‌ಲಾಗ್ ಇರೋ ಗೆಳೆಯರೇ, ನಿಮ್ಮ ರಫ್ ಬುಕ್ ಎಷ್ಟು ಪುಟ ತುಂಬಿದೆ? ಕಾಮೆಂಟಲ್ಲಿ ನಿಜ ಹೇಳಿ. ನಂದು ಹನ್ನೊಂದು.