ತವರದ ಡಬ್ಬ

ಸೋಮವಾರ ಬೆಳಗ್ಗೆ ನನ್ನ ಉಗುರು ನೋಡಿ ಆಫೀಸಿನಲ್ಲಿ "ಮೆಹೆಂದಿನಾ?" ಅಂತ ಕೇಳ್ತಾರೆ. ಹೌದು ಅಂದುಬಿಡ್ತೀನಿ. "ಇಲ್ಲ, ನಿನ್ನೆ ಇಡೀ ದಿನ ಹಳೇ ಬಿಸ್ಕತ್ತಿನ ಡಬ್ಬ ಉಜ್ತಾ ಇದ್ದೆ, ಇದು ತುಕ್ಕು" ಅಂತ ಮೀಟಿಂಗಿನ ಮಧ್ಯೆ ವಿವರಿಸೋದು ಯಾರಿಗೆ ಬೇಕು?

ನನ್ನ ತವರು ಕೋರಮಂಡಲ್. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೆಜಿಎಫ್ ಶುರುವಾಗೋದೇ ನಮ್ಮೂರಿಂದ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ನಾನು ಏಳನೇ ಕ್ಲಾಸು. ಗಣಿ ಹೋಯ್ತು, ಡಬ್ಬಗಳು ಉಳಿದವು. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಇಂಗ್ಲಿಷರ ಬಂಗಲೆಗಳಿಗೆ ಬಿಸ್ಕತ್ತು, ಕೋಕೋ, ತಂಬಾಕು ಎಲ್ಲ ತಗಡಿನ ಡಬ್ಬದಲ್ಲೇ ಬರ್ತಿತ್ತು. ಬಿಸ್ಕತ್ತು ದೊರೆಗೆ, ಖಾಲಿ ಡಬ್ಬ ಅಡುಗೆಯವರಿಗೆ. ಅಲ್ಲಿಂದ ಅವು ಕಾರ್ಮಿಕರ ಲೈನ್ ಮನೆಗಳಿಗೆ ಬಂದು ಉಪ್ಪು, ಬೇಳೆ, ರೇಷನ್ ಕಾರ್ಡು ತುಂಬಿಕೊಂಡು ಅಟ್ಟ ಸೇರಿದವು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಒಂದ್ಸಲ ಅಮ್ಮ ಗುಜರಿಗೆ ಹಾಕಲು ಇಟ್ಟಿದ್ದ ಡಾಲ್ಡಾ ಡಬ್ಬ ತಂದು ಬಾಲ್ಕನಿಯಲ್ಲಿಟ್ಟೆ. ಮನೆಗೆ ಬಂದ ಗೆಳತಿ 600 ರೂಪಾಯಿ ಕೊಟ್ಟು ಎತ್ತಿಕೊಂಡು ಹೋದಳು. ಚಟ ಶುರುವಾದದ್ದು ಹಾಗೆ.

ಎರಡನೇ ಡಬ್ಬವನ್ನು ನಾನೇ ಕೊಂದೆ. ಅಜ್ಜಿ ಹಿತ್ತಾಳೆ ಚೊಂಬಿಗೆ ಮಾಡುತ್ತಿದ್ದ ಹಾಗೆ ಹುಣಸೆ ಹುಳಿಯಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಗ್ಗೆ ನೋಡಿದರೆ ತುಕ್ಕಿನ ಜೊತೆ ಡಾಲ್ಡಾದ ತೆಂಗಿನ ಮರವೂ ಅರ್ಧ ಹೋಗಿತ್ತು. ಆಮೇಲೆ ಕೂತು ಓದಿ ಕಲಿತೆ. ಡಬ್ಬದ ಮೈ ಕಬ್ಬಿಣದ್ದು. ಮೇಲೆ ತೆಳ್ಳಗೆ ತವರ ಹಾಕಿರ್ತಾರೆ, ಪಾತ್ರೆಗೆ ಕಲಾಯಿ ಹಾಕುವ ಅದೇ ಲೋಹ. (ಸ್ಕೂಲಲ್ಲಿ 'ತವರ'ವನ್ನು 'ತವರು' ಅಂತ ಓದಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ.) ತವರ ಮುಚ್ಚಿಕೊಂಡಿರುವ ತನಕ ತುಕ್ಕಿಲ್ಲ. ಒಂದು ಗೀರು ಬಿತ್ತೋ, ಆ ಜಾಗದ ಕಬ್ಬಿಣ ಬರೀ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತೆ. ಇನ್ನು ಚಿತ್ರ. ಪತ್ರಿಕೆ ಅಚ್ಚಾಗುವ ಆಫ್‌ಸೆಟ್ ವಿಧಾನ ಮೊದಲು ಬಂದದ್ದು ಕಾಗದಕ್ಕಲ್ಲ, ತಗಡಿಗೆ: 1875ರಲ್ಲಿ, ಇಂಗ್ಲೆಂಡಿನಲ್ಲಿ. ಕೊಳ್ಳುವವರು ದುಡ್ಡು ಕೊಡೋದು ಆ ಚಿತ್ರಕ್ಕೇ. ಆದ್ದರಿಂದ ಹುಳಿ ಏನಿದ್ದರೂ ಒಳಗಿನ ಬರೀ ತಗಡಿಗೆ. ಹೊರಗೆ ಸೋಪು ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ; ತುಕ್ಕಿನ ಚುಕ್ಕೆಗೆ ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚಿ, ತೀರಾ ನಯವಾದ ಸ್ಟೀಲ್ ವುಲ್‌ನಲ್ಲಿ ಉಸಿರು ಹಿಡಿದು ಉಜ್ಜಬೇಕು. ಆಮೇಲೆ ಬಿಸಿಲು. ಕೊನೆಗೆ ಒಂದು ಪದರ ಮೇಣ. ಹೊಸ ಬಣ್ಣ ಬಳಿದರೆ ಮಾತ್ರ ಡಬ್ಬಕ್ಕೆ ಗುಜರಿ ಬೆಲೆಯೇ ಗತಿ.

ನಮ್ಮ ಲೈನಿನಲ್ಲಿ ಒಬ್ಬರು ಪಾಟಿ ಇದ್ದಾರೆ. ಪಾಟಿ ಅಂದ್ರೆ ತಮಿಳಿನಲ್ಲಿ ಅಜ್ಜಿ. ಹೆಸರು ಹಿಡಿದು ಯಾರೂ ಕರೆಯಲ್ಲ. ಅವರ ಅತ್ತೆ ಬಂಗಲೆಯೊಂದರಲ್ಲಿ ಅಡುಗೆಗಿದ್ದವರು. ಅಟ್ಟದಿಂದ ಒಂದು ಹಂಟ್ಲಿ ಆ್ಯಂಡ್ ಪಾಮರ್ಸ್ ಬಿಸ್ಕತ್ತಿನ ಡಬ್ಬ ಇಳಿಸಿಕೊಟ್ಟರು. 150 ರೂಪಾಯಿ ಕೊಟ್ಟೆ. ಎರಡು ಭಾನುವಾರ ಉಜ್ಜಿದೆ. ಬೆಂಗಳೂರಲ್ಲಿ 3,200ಕ್ಕೆ ಹೋಯ್ತು.

ಮುಂದಿನ ಸಲ ಊರಿಗೆ ಹೋದಾಗ ಪಾಟಿ ಕೇಳಿದರು, "ಎಷ್ಟಕ್ಕೆ ಹೋಯ್ತಮ್ಮಾ?"

"ಮುನ್ನೂರು" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಗೊತ್ತಿಲ್ಲದೆ ಏನು, ಗೊತ್ತು.

"ಅಯ್ಯೋ ಪಾಪ, ರೈಲು ಚಾರ್ಜು ಕಳೆದ್ರೆ ನಿಂಗೇನು ಉಳೀತು?" ಅಂತ ಹೇಳಿ ತಟ್ಟೆ ತುಂಬ ಮುರುಕು ಕೊಟ್ಟರು. ತಿಂದೆ.

ಆಮೇಲೆ ಇನ್ನೊಂದು ಡಬ್ಬ ತಂದರು. ಮಾರೋಕಲ್ಲ. ಅದರಲ್ಲಿ ತಾತನ ಸಂಬಳದ ಚೀಟಿಗಳಿದ್ದವು. ತುಕ್ಕು ಕಾಗದಕ್ಕೆ ಅಂಟಿ ಅಂಕಿಗಳನ್ನು ತಿನ್ನುತ್ತಿತ್ತು. "ಒಳಗೆ ಮಾತ್ರ ಕ್ಲೀನ್ ಮಾಡ್ಕೊಡು" ಅಂದರು. ಮುಚ್ಚಳದ ಮೂಲೆ ನೆಗ್ಗಿತ್ತು. "ಇದನ್ನೂ ಒಳಗಿಂದ ತಟ್ಟಿ ಸರಿ ಮಾಡ್ಲಾ?" ಅಂದೆ, ಅಭ್ಯಾಸ ಬಲ. ನೆಗ್ಗಿದ್ದಕ್ಕೆ ಬೆಲೆ ಕಮ್ಮಿ.

"ಅದನ್ನ ಮುಟ್ಬೇಡ."

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. ಹಾಗೆ ನಡುಗಿದ ಒಂದು ರಾತ್ರಿ ಈ ಡಬ್ಬ ಗೂಡಿನಿಂದ ಬಿದ್ದಿತ್ತು. ತಾತ ಆಗ ಕೆಳಗೆ, ಶಿಫ್ಟಿನಲ್ಲಿ. ಪಾಟಿ ಮಗುವನ್ನು ಎತ್ತಿಕೊಂಡು ಶಾಫ್ಟಿನ ಬಾಯಿಗೆ ಓಡಿ ಬೆಳಗಿನ ತನಕ ನಿಂತಿದ್ದರು. ತಾತ ಬಂದರು. ಅವರ ಜೊತೆ ಹೋದವರಲ್ಲಿ ಎಲ್ಲರೂ ಬರಲಿಲ್ಲ.

ಆ ಡಬ್ಬ ತೊಡೆ ಮೇಲಿಟ್ಟುಕೊಂಡು ವಾಪಸ್ ಬರುವಾಗ, ಕಿಟಕಿಯಾಚೆ ಸೈನೈಡ್ ದಿಬ್ಬಗಳು ಸರಿದುಹೋಗುವ ತನಕ ಮುರುಕಿನ ಉಪ್ಪು ನಾಲಿಗೆ ಮೇಲೇ ಇತ್ತು.

ಮುಂದಿನ ಭಾನುವಾರ ಡಬ್ಬದ ಜೊತೆ ಒಂದು ಕವರ್ ಕೊಟ್ಟೆ. "ಮುನ್ನೂರಲ್ಲ ಪಾಟಿ, ಮೂರು ಸಾವಿರದ ಇನ್ನೂರು. ನಿಮಗೆ ಕೊಟ್ಟಿದ್ದು, ಕೊರಿಯರ್ ಖರ್ಚು ಎಲ್ಲ ಕಳೆದು 2,800 ಇದೆ."

ಪಾಟಿ ಬೈಯಲಿಲ್ಲ. ಬೆರಳು ಒದ್ದೆ ಮಾಡ್ಕೊಂಡು ಎರಡು ಸಲ ಎಣಿಸಿದರು. ಸಾವಿರ ತೆಗೆದು ನನ್ನ ಕೈಗಿಟ್ಟರು. "ಇದು ನಿನ್ನ ಕೂಲಿ. ಮುನ್ನೂರು ಅಂದಾಗ್ಲೇ ಗೊತ್ತಾಯ್ತು. ಮುನ್ನೂರಕ್ಕೆ ಯಾರು ಬೆಂಗಳೂರಿಂದ ರೈಲು ಹತ್ತಿ ಬರ್ತಾರೆ?"

ಸ್ವಲ್ಪ ಹೊತ್ತು ಚೀಟಿಗಳನ್ನು ಜೋಡಿಸಿದರು. ಆಮೇಲೆ ತಲೆ ಎತ್ತದೆ ಅಂದರು, "ತಾತ ಮೂವತ್ತು ವರ್ಷ ಚಿನ್ನ ಅಗೆದ್ರು. ಮೇಲೆ ಅದಕ್ಕೇನು ರೇಟು ಅಂತ ಅವರಿಗೆ ಯಾರೂ ಬಂದು ಹೇಳ್ಲಿಲ್ಲ. ನೀನಾದ್ರೂ ಹೇಳು."

ಈಗ ಹೇಳ್ತೀನಿ. ಯಾರ ಮನೆಯ ಡಬ್ಬ ತಗೊಂಡರೂ, ಇದು ಬೆಂಗಳೂರಲ್ಲಿ ಇಷ್ಟಕ್ಕೆ ಹೋಗಬಹುದು, ನನ್ನ ಕೂಲಿ ಇಷ್ಟು, ಮಿಕ್ಕಿದ್ದು ನಿಮ್ಮದು ಅಂತ. ಪರಿಣಾಮ: ನನ್ನ ಲಾಭ ಅರ್ಧಕ್ಕಿಳಿದಿದೆ. ಮೂರನೇ ಲೈನಿನ ತಾತ ಒಬ್ಬರು ತಳ ತೂತಾದ ಹಾರ್ಲಿಕ್ಸ್ ಡಬ್ಬಕ್ಕೆ ಐದು ಸಾವಿರ ಹೇಳಿ ಕೂತಿದ್ದಾರೆ, ಒಂದು ರೂಪಾಯಿ ಇಳಿಯಲ್ಲ. ಅವರ ಪರವಾಗಿ ಚೌಕಾಸಿಗೆ ಬರೋರು ಯಾರು ಅಂದ್ಕೊಂಡ್ರಿ? ಪಾಟಿ.