ಚೌಪಾಟಿಯಿಂದ ಬಂದರಿನವರೆಗೆ: ಜಾರ್ಜ್ ಗೆದ್ದ ಮುಂಬಯಿ

ಚರ್ನಿ ರೋಡ್ ಸ್ಟೇಷನ್ನಿನ ಪಕ್ಕದಲ್ಲಿ ಒಂದು ಉದ್ಯಾನವಿದೆ. ಹೆಸರು ಸ. ಕಾ. ಪಾಟೀಲ್ ಉದ್ಯಾನ. ಅಲ್ಲಿಂದ ಸ್ವಲ್ಪ ನಡೆದರೆ ಚೌಪಾಟಿಯ ಮರಳು. 1967ರ ಫೆಬ್ರವರಿಯ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎದುರಾಬದುರು ನಿಂತ ಇಬ್ಬರನ್ನು ನೆನೆಯಲು ಇಷ್ಟು ಜಾಗ ಸಾಕು. ಒಬ್ಬರ ಹೆಸರು ಉದ್ಯಾನಕ್ಕಿದೆ. ಇನ್ನೊಬ್ಬರು, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಈ ಊರಿಗೆ ಬಂದ ಹೊಸತರಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು. ನಡುರಾತ್ರಿ ಪೊಲೀಸರು ಬಂದು ಎಬ್ಬಿಸುತ್ತಿದ್ದರು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಕಳೆದ ಚಳಿಗಾಲದ ಒಂದು ಭಾನುವಾರ ನಾನು ಚೌಪಾಟಿಯಿಂದ ಬಂದರಿನವರೆಗೆ ನಡೆದೆ. ಜೊತೆಗೆ ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರೊಬ್ಬರಿದ್ದರು. ಕುಂದಾಪುರದ ಕಡೆಯವರು, ಹದಿಮೂರನೇ ವಯಸ್ಸಿಗೆ ಮುಂಬಯಿ ಸೇರಿ ಫೋರ್ಟಿನ ಹೊಟೇಲುಗಳಲ್ಲಿ ಜೀವಮಾನ ಕಳೆದವರು. ನಾವೆಲ್ಲ ಅವರನ್ನು ಅಣ್ಣಯ್ಯ ಎಂದೇ ಕರೆಯುವುದು.

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅದನ್ನು ಬಿಟ್ಟು ಬಂದು ಮಂಗಳೂರಿನಲ್ಲಿ ಹೊಟೇಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಲು ಹೊರಟರು. 1949ರಲ್ಲಿ 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯ ಸಂಪಾದಕರೂ ಆಗಿದ್ದರು. ಅದೇ ಸುಮಾರಿಗೆ ಮುಂಬಯಿಗೆ ಬಂದು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಕೈ ಹಿಡಿದರು. ಡಿಮೆಲ್ಲೊ ಕೂಡ ನಮ್ಮ ಕರಾವಳಿ ಮೂಲದವರೇ. 1958ರಲ್ಲಿ ಅವರು ತೀರಿಕೊಂಡಾಗ ಕೆಲಸದ ಭಾರ ಜಾರ್ಜ್ ಹೆಗಲಿಗೆ ಬಂತು.

ಚೌಪಾಟಿಯಿಂದ ಗಿರಗಾಂವ್ ಒಳಗೆ ಹೊಕ್ಕೆವು. ಹಳೆಯ ಚರ್ನಿ ರೋಡ್, ಅಂದರೆ ಇಂದಿನ ರಾಜಾರಾಮ ಮೋಹನ ರಾಯ್ ಮಾರ್ಗದಲ್ಲಿ ಜಾರ್ಜ್ ಅವರ ಯೂನಿಯನ್ನಿನ ಕಚೇರಿ ಇತ್ತು. ಹೊಟೇಲಿನವರು, ಟ್ಯಾಕ್ಸಿಯವರು, ನಗರಪಾಲಿಕೆಯ ಕೆಲಸಗಾರರು ಮೆಟ್ಟಿಲು ಹತ್ತುತ್ತಿದ್ದುದು ಇಲ್ಲಿಗೆ. ಇವರಲ್ಲಿ ಹೊಟೇಲಿನವರನ್ನು ಒಟ್ಟುಗೂಡಿಸುವುದು ಎಲ್ಲಕ್ಕಿಂತ ಕಷ್ಟ. ಗಿರಣಿಯಲ್ಲಾದರೆ ಸಾವಿರಾರು ಜನ ಒಂದೇ ಗೇಟಿನಿಂದ ಹೊರಬರುತ್ತಾರೆ. ಹೊಟೇಲಿನಲ್ಲಿ ಎಂಟು ಜನ ಇಲ್ಲಿ, ಹತ್ತು ಜನ ಅಲ್ಲಿ. ಧಣಿ ಊರಿನವನೇ, ಕೆಲವೊಮ್ಮೆ ನೆಂಟನೇ. ಊಟ ಅವನದು, ಮಲಗುವ ಜಾಗ ಅವನದು, ಊರಲ್ಲಿ ತಾಯಿಗೆ ಹಣ ಮುಟ್ಟಿಸುವವನೂ ಅವನೇ. ಅಂಥವನ ಎದುರು ನಿಂತು ಸಂಬಳ ಕೇಳುವುದು ಹೇಗೆ?

"ಅಣ್ಣಯ್ಯ, ಆಗ ನೀವು ಎಲ್ಲಿದ್ದಿರಿ?" ಎಂದು ಕೇಳಿದೆ.

"ಫೋರ್ಟಲ್ಲಿ. ಆಫೀಸಿಗೆ ಚಾ ಕೊಂಡೋಪ್ ಕೆಲ್ಸ. ರಾತ್ರಿ ಬಾಗಿಲ್ ಹಾಕಿದ್ ಮೇಲೆ ಎರಡ್ ಮೇಜ್ ಜೋಡ್ಸಿ ಅದ್ರ್ ಮೇಲೆ ಮಲ್ಗೂದ್. ಬೆಳಿಗ್ಗೆ ಗಿರಾಕಿ ಬಪ್ಪುಕ್ ಮುಂಚೆ ಏಳ್ಕ್."

"ಜಾರ್ಜ್‌ಗೆ ಓಟು ಹಾಕಿದ್ದಿರಾ?"

ಅವರು ನಕ್ಕರು. "ನಂಗ್ ಆಗ ಹದಿನೆಂಟ್. ಓಟ್ ಎಲ್ಲಿತ್ತ್ ಮಾರಾಯಾ?"

ಹೌದು, ಆಗ ಮತದಾನದ ವಯಸ್ಸು 21. ಅದು 18ಕ್ಕೆ ಇಳಿದದ್ದು 1989ರಲ್ಲಿ. ಹಗಲು ಕಪ್ಪು ತೊಳೆದು, ಸಂಜೆಯಾದರೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತಿದ್ದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಮತವೇ ಇರಲಿಲ್ಲ. ವಯಸ್ಸಾದವರಿಗೂ ವಿಳಾಸವೆಂದರೆ ಹೊಟೇಲಿನ ಹಲಗೆಯ ಮೇಲಿನ ಹೆಸರು. ಜಾರ್ಜ್ ವರ್ಷಗಟ್ಟಲೆ ಯಾರ ಕೆಲಸ ಮಾಡಿದರೋ ಅವರಲ್ಲಿ ಹಲವರು ಮತದಾರರೇ ಅಲ್ಲ. ಆದರೂ ಆ ಕೆಲಸ ನಡೆದಿತ್ತು. ನನಗೆ ಮುಖ್ಯವಾಗಿ ಕಾಣುವುದು ಇದೇ.

ಕಾಳಬಾದೇವಿಯ ಗಲಾಟೆ ದಾಟಿ ಸಿಎಸ್‌ಎಂಟಿಯ ಎದುರು ಬಂದೆವು. ಮಹಾನಗರಪಾಲಿಕೆಯ ಕಟ್ಟಡ ಇಲ್ಲೇ. ಲೋಕಸಭೆಗೆ ನಿಲ್ಲುವುದಕ್ಕೂ ಮುಂಚೆ, 1961ರಲ್ಲಿಯೇ ಜಾರ್ಜ್ ಇಲ್ಲಿಗೆ ಚುನಾಯಿತರಾಗಿ ಬಂದಿದ್ದರು. 1968ರವರೆಗೂ ಸದಸ್ಯರಾಗಿದ್ದು ಕಾರ್ಮಿಕರ ದೂರುಗಳನ್ನು ಸಭೆಯಲ್ಲಿ ಎತ್ತುತ್ತಿದ್ದರು.

ಎದುರಾಳಿ ಸಣ್ಣವರಲ್ಲ. ಎಸ್. ಕೆ. ಪಾಟೀಲರು ಸತತ ಮೂರು ಬಾರಿ ಮುಂಬಯಿಯ ಮೇಯರ್ ಆಗಿದ್ದವರು, ಚುನಾವಣೆಯ ಹೊತ್ತಿಗೆ ಕೇಂದ್ರದ ರೈಲ್ವೆ ಮಂತ್ರಿ. ಮುಂಬಯಿಯ ಕಿರೀಟವಿಲ್ಲದ ರಾಜ ಎಂದು ಜನ ಕರೆಯುತ್ತಿದ್ದರು. ತನ್ನನ್ನು ದೇವರೂ ಸೋಲಿಸಲಾರ ಎಂಬ ಅರ್ಥದ ಮಾತನ್ನು ಅವರು ಆಡಿದರೆಂದೂ, ದೇವರಿಂದಾಗದ್ದು ಮತದಾರರಾದ ನಿಮ್ಮಿಂದ ಆದೀತು ಎಂದು ಜಾರ್ಜ್ ಕಡೆಯವರು ಊರ ತುಂಬ ಪೋಸ್ಟರ್ ಅಂಟಿಸಿದರೆಂದೂ ಕತೆ ಇದೆ. ಸಂಯುಕ್ತ ಸೋಷಲಿಸ್ಟ್ ಪಕ್ಷದ ಜಾರ್ಜ್ ಶೇಕಡಾ 48.5 ಮತ ಪಡೆದು ಗೆದ್ದರು. 36 ವರ್ಷದ ಆ ಯುವಕನನ್ನು ಪತ್ರಿಕೆಗಳು 'ಜಾರ್ಜ್ ದಿ ಜೈಂಟ್ ಕಿಲ್ಲರ್' ಎಂದವು.

ಗೆಲುವಿಗೆ ಕಾರ್ಮಿಕರ ಪ್ರೀತಿಯೊಂದೇ ಕಾರಣ ಎನ್ನಲಾಗದು. ಹುತಾತ್ಮ ಚೌಕದಲ್ಲಿ ನಿಂತರೆ ಇನ್ನೊಂದು ಕಾರಣ ಹೊಳೆಯುತ್ತದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ ಇಲ್ಲಿದೆ. ಮುಂಬಯಿ ಮಹಾರಾಷ್ಟ್ರಕ್ಕೆ ಸೇರಬಾರದೆಂದು ವಾದಿಸಿದ್ದ ಪಾಟೀಲರ ಮೇಲೆ ಮರಾಠಿ ಜನಕ್ಕೆ ಸಿಟ್ಟು ಇನ್ನೂ ಆರಿರಲಿಲ್ಲ. ವಿಚಿತ್ರ ನೋಡಿ: ಪಾಟೀಲರು ಕೊಂಕಣದ ಮರಾಠಿಗರು, ಜಾರ್ಜ್ ಮಂಗಳೂರಿನ ಕೊಂಕಣಿ ಮಾತಾಡುವ ಕ್ರೈಸ್ತರು. ಗಿರಗಾಂವ್‌ನ ಚಾಳುಗಳು ಹೊರಗಿನವನನ್ನೇ ತಮ್ಮವನೆಂದವು. ಜಾರ್ಜ್‌ಗೆ ಮರಾಠಿಯೂ ಸೇರಿ ಹತ್ತು ಭಾಷೆ ಬರುತ್ತಿತ್ತು. ಆದರೆ ಭಾಷೆ ಬಂದರಷ್ಟೇ ಸಾಲದು, ಆ ಭಾಷೆಯವರ ಜಗಳದಲ್ಲಿ ಪಾಲು ತೆಗೆದುಕೊಂಡಿರಬೇಕು. 'ನಮ್ಮವನು' ಎಂದು ತುಳು-ಕನ್ನಡಿಗರು ಮಾತ್ರ ಓಟು ಹಾಕಿದ್ದರೆ ಠೇವಣಿಯೂ ಉಳಿಯುತ್ತಿರಲಿಲ್ಲ.

ಗೆದ್ದ ಮರುವರ್ಷ, 1968ರಲ್ಲಿ, ದುಡಿಯುವವರ ಸಣ್ಣ ಉಳಿತಾಯಕ್ಕೆಂದು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಶುರುವಾಯಿತು. ಮುಂದೆ ಅದೇ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಆಯಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿದಾಗ ಶಾಖೆಗಳ ಮುಂದೆ ಠೇವಣಿದಾರರು ನೆರೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಕಟ್ಟಿದವರು ಹೋದ ಮೇಲೆ ಕಾಯುವವರು ಬೇಕಲ್ಲ.

ಜಾರ್ಜ್ ಕೂಡ ಇಲ್ಲಿ ಉಳಿಯಲಿಲ್ಲ. 1971ರಲ್ಲಿ ಇದೇ ಕ್ಷೇತ್ರದಲ್ಲಿ ಸೋತರು. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರದ ನಾಯಕರಾದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತಾಗ ಮಾತ್ರ ಜಾಫರ್ ಷರೀಫ್ ಎದುರು ಸೋತರು. ಮರಾಠಿಗರೂ ಬಿಹಾರಿಗಳೂ ಆರಿಸಿದವರನ್ನು ಕರ್ನಾಟಕ ಆರಿಸಲಿಲ್ಲ.

ಬಲ್ಲಾರ್ಡ್ ಎಸ್ಟೇಟ್ ಬಳಸಿ ಪಿ. ಡಿಮೆಲ್ಲೊ ರೋಡಿಗೆ ಬರುವಾಗ ಅಣ್ಣಯ್ಯನ ಕಾಲು ಸೋತಿತ್ತು. ಗೋದಿಗಳ ಉದ್ದಕ್ಕೂ ಸಾಗುವ ಈ ರಸ್ತೆಗೆ ಜಾರ್ಜ್ ಅವರ ಗುರುವಿನ ಹೆಸರು. ಅಲ್ಲೇ ಹತ್ತಿರದ ನಮ್ಮವರೊಬ್ಬರ ಹೊಟೇಲಿನಲ್ಲಿ ಕೂತೆವು. ಗಲ್ಲೆಯಲ್ಲಿದ್ದವರು ತುಳುವಿನಲ್ಲಿ ಮಾತಾಡಿಸಿದರು. ನೀರು ತಂದಿಟ್ಟ ಹುಡುಗ ಒಡಿಶಾದವನು. ಎಲ್ಲಿ ಮಲಗುತ್ತೀ ಎಂದು ಅಣ್ಣಯ್ಯ ಹಿಂದಿಯಲ್ಲಿ ಕೇಳಿದರು. "ಊಪರ್", ಮಾಳಿಗೆಯಲ್ಲಿ, ಎಂದ. ಓಟು? "ಗಾಂವ್ ಮೇ." 2024ರಲ್ಲಿ ಹಾಕಿದೆಯಾ ಎಂದರೆ ತಲೆಯಾಡಿಸಿದ, ರಜೆ ಸಿಗಲಿಲ್ಲವಂತೆ.

ನಮ್ಮಲ್ಲೂ ಎಷ್ಟೋ ಮಂದಿಯ ಹೆಸರು ಇಂದಿಗೂ ಊರಿನ ಪಟ್ಟಿಯಲ್ಲಿದೆ. 2024ರಲ್ಲಿ ನಮ್ಮ ಕರಾವಳಿಯಲ್ಲಿ ಏಪ್ರಿಲ್ 26ರಂದು ಮತದಾನ, ಮುಂಬಯಿಯಲ್ಲಿ ಮೇ 20ರಂದು. ಅಲ್ಲಿಗೆ ಹೋಗಲಾಗದೆ, ಇಲ್ಲಿ ಹೆಸರಿಲ್ಲದೆ ಎರಡೂ ದಿನ ಕಳೆದವರು ನನ್ನ ಪರಿಚಯದಲ್ಲೇ ಇದ್ದಾರೆ. ವಿಳಾಸ ಬದಲಿಸಲು ನಮೂನೆ 8, ಹೊಸದಾಗಿ ಸೇರಲು ನಮೂನೆ 6, ಮೊಬೈಲಿನಲ್ಲೇ ತುಂಬಬಹುದು. ಸಂಘಗಳ ವಾರ್ಷಿಕೋತ್ಸವದಲ್ಲಿ ಯಕ್ಷಗಾನಕ್ಕೆ ಮುಂಚೆ ಒಂದು ಮೇಜು ಹಾಕಿ ಇಬ್ಬರು ಕೂತರೆ ಈ ಕೆಲಸ ಆಗುತ್ತದೆ. ಹೊಟೇಲಿನ ಹುಡುಗರನ್ನೂ ಕರೆಯಬಹುದು. ಅವರು ಯಾವ ಊರಿನವರಾದರೂ ಸರಿ.

ಎದ್ದು ಹೊರಡುವಾಗ ಅಣ್ಣಯ್ಯ ಆ ಹುಡುಗನ ಕೈಗೆ ಐವತ್ತು ರೂಪಾಯಿ ಇಟ್ಟು, ಸಂಬಳ ತಿಂಗಳಿಗೆ ಸರಿಯಾಗಿ ಕೊಡುತ್ತಾರಾ ಎಂದು ಕೇಳಿದರು. ಹುಡುಗ ಗಲ್ಲೆಯ ಕಡೆ ನೋಡಿ, ಕೊಡುತ್ತಾರೆ ಎಂದ.